ಸಹಾಯ ಬೇಕು: ತಂದೆಯವರ ಕಣ್ಣಿಗೆ ಬೀಟಾ ಕ್ಯಾರೋಟಿನ್ ಇಲ್ಲದ ಮಾತ್ರೆ

ಎಲ್ಲರಿಗೂ ನಮಸ್ಕಾರ. ನಾವು ಸಿಂಧನೂರಿನವರು. 71 ವರ್ಷದ ನಮ್ಮ ತಂದೆಯವರಿಗೆ ವಯಸ್ಸಿನಿಂದ ಬರುವ ಅಕ್ಷಿಪಟಲದ ಸವೆತ ಮಧ್ಯಮ ಹಂತದಲ್ಲಿದೆ ಎಂದು ನೇತ್ರತಜ್ಞರು ತಿಳಿಸಿದ್ದಾರೆ. ಪತ್ರಿಕೆ ಓದುವಾಗ ಸಾಲಿನ ನಡುವಿನ ಅಕ್ಷರಗಳೇ ಮಸುಕಾಗುವುದರಿಂದ ಅವರು ಹಾಳೆಯನ್ನು ಓರೆಯಾಗಿ ಹಿಡಿದು ಬಾಗಿಲ ಬೆಳಕಿಗೆ ಹೋಗಿ ಕೂರುತ್ತಾರೆ.

ವೈದ್ಯರು ಬರೆದುಕೊಟ್ಟದ್ದು, 2013ರಲ್ಲಿ ಫಲಿತಾಂಶ ಪ್ರಕಟವಾದ ಅಮೆರಿಕದ ಎಆರ್‌ಇಡಿಎಸ್-2 ಎಂಬ, ವಯಸ್ಸಿನಿಂದ ಬರುವ ಕಣ್ಣಿನ ಕಾಯಿಲೆಗಳ ಅಧ್ಯಯನದ ಸೂತ್ರದಂತಿರುವ ಮಾತ್ರೆ: ದಿನಕ್ಕೆ ಲ್ಯೂಟೀನ್ 10 ಮಿ.ಗ್ರಾಂ, ಜಿಯಾಕ್ಸಾಂಥಿನ್ 2 ಮಿ.ಗ್ರಾಂ (ಇವೆರಡೂ ಸಸ್ಯಗಳಲ್ಲಿರುವ ಹಳದಿ ಬಣ್ಣದ ವಸ್ತುಗಳು), ಜೊತೆಗೆ ಸಿ ಮತ್ತು ಇ ವಿಟಮಿನ್, ಸತು, ತಾಮ್ರ. ಇದು ಹೋದ ದೃಷ್ಟಿಯನ್ನು ಮರಳಿಸದು, ಸವೆತದ ವೇಗವನ್ನಷ್ಟೇ ತಗ್ಗಿಸಬಹುದು. ಆದರೆ ಔಷಧಿ ಅಂಗಡಿಯವರು ‘ಎರಡೂ ಒಂದೇರೀ’ ಎಂದು ಕೊಟ್ಟ ಡಬ್ಬಿಯ ಹಿಂಬದಿಯಲ್ಲಿ ಬೀಟಾ ಕ್ಯಾರೋಟಿನ್ (ದೇಹದಲ್ಲಿ ‘ಎ’ ವಿಟಮಿನ್ ಆಗುವ ವಸ್ತು) ಎಂದು ಸಣ್ಣಕ್ಷರದಲ್ಲಿ ಅಚ್ಚಾಗಿತ್ತು. ತಂದೆಯವರು 30 ವರ್ಷ ಬೀಡಿ ಸೇದಿ ಬಿಟ್ಟವರು. ಅಂಥವರಲ್ಲಿ ಹೆಚ್ಚಿನ ಪ್ರಮಾಣದ ಬೀಟಾ ಕ್ಯಾರೋಟಿನ್ ಮಾತ್ರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯವನ್ನು ಹೆಚ್ಚಿಸುವುದರಿಂದ ಅದನ್ನು ಹಿಂದಿರುಗಿಸಿದೆವು. ಇದು ಇಲ್ಲದ ಮಾತ್ರೆ ರಾಯಚೂರಿನಲ್ಲಿ ಅಥವಾ ಬಳ್ಳಾರಿಯಲ್ಲಿ ಎಲ್ಲಿ ಸಿಗುತ್ತದೆ?

ಇನ್ನೊಂದು ವಿಚಾರ. ಬಂದವರೆಲ್ಲ ಗಜ್ಜರಿ ತಿನ್ನಿಸಿರಿ ಎನ್ನುತ್ತಾರೆ. ಅದು ‘ಎ’ ವಿಟಮಿನ್ ಕೊರತೆಯ ಇರುಳುಗುರುಡಿಗೆ ಮದ್ದೇ ಹೊರತು ಈ ಕಾಯಿಲೆಗಲ್ಲ. ಲ್ಯೂಟೀನ್ ಹೆಚ್ಚಿರುವುದು ಹಸಿರು ಸೊಪ್ಪಿನಲ್ಲಿ, ಮತ್ತು ಅದು ಎಣ್ಣೆಯೊಡನೆ ಚೆನ್ನಾಗಿ ಹೀರಲ್ಪಡುತ್ತದೆ. ತಂದೆಯವರಿಗೆ ಹಲ್ಲಿಲ್ಲ, ಮೊಟ್ಟೆ ಮುಟ್ಟುವುದಿಲ್ಲ, ಪಾಲಕ್ ಕಂಡರೆ ಮುಖ ತಿರುಗಿಸುತ್ತಾರೆ. ರೊಟ್ಟಿಯ ಜೊತೆ ಮೆತ್ತಗೆ ನೆಂಚಿಕೊಳ್ಳುವಂತೆ ನುಗ್ಗೆ ಸೊಪ್ಪನ್ನೋ ಮೆಂತ್ಯ ಸೊಪ್ಪನ್ನೋ ಮಾಡುವ ಕ್ರಮವನ್ನು ಬಲ್ಲವರು ದಯವಿಟ್ಟು ಬರೆಯಿರಿ.