ಪದಚರ್ಚೆ: ‘ಪದಕೋಶ’ ಅಂದರೆ ಪುಸ್ತಕವೋ, ತಲೆಯಲ್ಲಿರುವ ಪದಗಳೋ?

ಶಿಡ್ಲಘಟ್ಟದಲ್ಲಿ ಒಂದು ಮಗುವಿನ ಪ್ರಗತಿ ಪತ್ರದಲ್ಲಿ ‘ಪದಕೋಶ ಹೆಚ್ಚಬೇಕು’ ಎಂದು ಬರೆದಿತ್ತು. ಅವರಪ್ಪ ನನ್ನನ್ನು ಕೇಳಿದರು, ‘ಮನೇಲಿರೋ ಡಿಕ್ಷನರಿ ಸಾಲದಾ ಸಾರ್?’ ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಪದಕೋಶ ಅಂದರೆ ನಿಘಂಟು ಅಂತಲೇ ತಾನೇ ನಾವೆಲ್ಲ ಕಲಿತದ್ದು? ಒಬ್ಬರಿಗೆ ಗೊತ್ತಿರುವ ಪದಗಳಿಗೂ ಅದೇ ಹೆಸರು ಬಳಸುವುದು ಸರಿಯೇ?

‘ಕೋಶ’ದ ಹಾದಿ ಉದ್ದ. ಋಗ್ವೇದದಲ್ಲಿ ಅದು ನೀರೆತ್ತುವ ಪಾತ್ರೆ. ಐದನೇ ಮಂಡಲದ ಒಂದು ಸೂಕ್ತ ಮಳೆಯ ದೇವರಾದ ಪರ್ಜನ್ಯನಿಗೆ ‘ದೊಡ್ಡ ಕೋಶವನ್ನೆತ್ತಿ ಸುರಿ’ ಎಂದು ಬೇಡುತ್ತದೆ. (ನಮ್ಮ ಜಿಲ್ಲೆಯವರು ಇವತ್ತಿಗೂ ಬೇಡುವುದು ಅದನ್ನೇ.) ಕತ್ತಿಯ ಒರೆ, ಹೂವಿನ ಮೊಗ್ಗು, ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜನ ಬೊಕ್ಕಸ, ಎಲ್ಲಕ್ಕೂ ಕೋಶವೇ. ಶ್ವಾಸಕೋಶ, ಸಂಘದ ಕೋಶಾಧಿಕಾರಿ ಕೂಡ ಇದೇ ಮನೆಯವರು.

ರೇಷ್ಮೆಗೂಡಿಗೂ ಕೋಶ ಎಂಬ ಹೆಸರಿದೆ. ಅದರಿಂದಲೇ ಕೌಶೇಯ, ಅಂದರೆ ರೇಷ್ಮೆ. ಈ ಪದಕ್ಕೆ ಸಂಸ್ಕೃತ ವ್ಯಾಕರಣ ಬರೆದ ಪಾಣಿನಿ ಒಂದು ಸೂತ್ರವನ್ನೇ ಮಾಡಿದ್ದಾನೆ. ಆದರೆ ಗೂಡಿನ ಮಾರ್ಕೆಟ್ಟಿಗೆ ಹೆಸರಾದ ಶಿಡ್ಲಘಟ್ಟದಲ್ಲಿ ಹೋಗಿ ‘ಕೋಶ ಏನು ರೇಟು?’ ಅಂದರೆ ರೈತರು ಮುಖ ಮುಖ ನೋಡಿಕೊಂಡಾರು!

ಪದಗಳ ಕಡೆಗೆ ಬರೋಣ. ಅಮರಸಿಂಹ ಬರೆದ ಹಳೆಯ ಸಂಸ್ಕೃತ ನಿಘಂಟಿನ ನಿಜವಾದ ಹೆಸರು ‘ನಾಮಲಿಂಗಾನುಶಾಸನ’. ಜನ ಅದನ್ನು ಅಮರಕೋಶ ಅಂದರು, ಅದೇ ನಿಂತಿತು. ಅದರಲ್ಲಿ ಪದಗಳು ಅಕಾರಾದಿಯಾಗಿ ಇಲ್ಲ. ಸ್ವರ್ಗ, ಭೂಮಿ, ಊರು, ಕಾಡು ಅಂತ ವರ್ಗ ಮಾಡಿ ಶ್ಲೋಕದಲ್ಲಿ ಪೋಣಿಸಿದ್ದಾನೆ. ಹುಡುಕಿ ನೋಡುವುದಕ್ಕಲ್ಲ, ಬಾಯಿಪಾಠ ಮಾಡುವುದಕ್ಕೆ. ಹಾಗಾಗಿ ಅದನ್ನು ಕಲಿತವರಿಗೆ ಕೋಶ ತಲೆಯೊಳಗೇ ಇರುತ್ತಿತ್ತು. ಆ ಲೆಕ್ಕದಲ್ಲಿ ಟೀಚರ್ ಬರೆದದ್ದೂ ಪೂರ್ತಿ ತಪ್ಪಲ್ಲ.

ಆದರೂ ಈಗ ನಿಘಂಟು ಕಪಾಟಿನಲ್ಲಿದೆ, ಮೊಬೈಲಿನಲ್ಲಿದೆ. ಅದಕ್ಕೆ ಪದಕೋಶ ಇರಲಿ, ಮಗುವಿಗೆ ಪದಸಂಪತ್ತು ಅನ್ನೋಣ ಎಂದು ನನ್ನ ಅಭಿಪ್ರಾಯ. ‘ಶಬ್ದಭಂಡಾರ’ವೂ ಆದೀತು, ಆದರೆ ಅದಕ್ಕೆ ಸ್ವಲ್ಪ ಸನ್ಮಾನ ಪತ್ರದ ವಾಸನೆ.

ಇವೆಲ್ಲ ಬರಹದ ಮಾತುಗಳು. ಆಡುಮಾತಿನಲ್ಲಿ ಇದಕ್ಕೆ ಏನನ್ನುತ್ತಾರೆ? ‘ಅವನಿಗೆ ಮಾತು ಜಾಸ್ತಿ’ ಅಂದರೆ ಅದು ದೂರು, ಹೊಗಳಿಕೆಯಲ್ಲ ಅಲ್ವಾ? ‘ಮಾತು ಬಲ್ಲವನು’ ಅಂದರೆ ಜಾಣ, ಪದ ಜಾಸ್ತಿ ಗೊತ್ತಿರಬೇಕು ಅಂತೇನಿಲ್ಲ. ಚಿಂತಾಮಣಿ, ಬಾಗೇಪಲ್ಲಿ ಕಡೆ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವವರು ಇದಕ್ಕೆ ಯಾವ ಮಾತು ಬಳಸುತ್ತೀರಿ? ಅಜ್ಜಿ ತಾತ ಹೇಳುತ್ತಿದ್ದದ್ದು ನೆನಪಿದ್ದರೆ, ಪೂರ್ತಿ ವಾಕ್ಯದಲ್ಲೇ ಬರೆಯಿರಿ.