ಖಾಸಿ ಜನಕ್ಕೆ ಮಾತೃಪ್ರಧಾನವೋ, ಮಾತೃವಂಶೀಯವೋ?

ಪ್ರಶ್ನೆ (ಗದಗ): ಮೇಘಾಲಯದ ಖಾಸಿಗಳ ಬಗ್ಗೆ ಒಂದು ಲೇಖನ ತಿದ್ದಬೇಕಾಗಿದೆ. ಒಂದೇ ಪುಟದಾಗ ಮಾತೃಪ್ರಧಾನ, ಮಾತೃವಂಶೀಯ, ಅಳಿಯಸಂತಾನ ಮೂರೂ ಬಂದಾವು. ಯಾವುದನ್ನು ಉಳಿಸಬೇಕು? ತಿಳಿದವರು ಹೇಳ್ರಿ.

ಉತ್ತರ (ಧಾರವಾಡ): ಮಾತೃವಂಶೀಯ ಉಳಿಸ್ರಿ. ಖಾಸಿಗಳಲ್ಲಿ ಕುಲದ ಹೆಸರು ತಾಯಿಯಿಂದ ಬರುತ್ತದೆ. ಪಿತ್ರಾರ್ಜಿತ (ಇಲ್ಲಿ ಆ ಶಬ್ದವೇ ಎಡವಟ್ಟು, ಮನೆತನದ ಆಸ್ತಿ ಅನ್ನೋಣ) ಮುಖ್ಯವಾಗಿ ಕಿರಿಯ ಮಗಳಿಗೆ ಹೋಗುತ್ತದೆ. ಹಾಗಂತ ಮನಸ್ಸಿಗೆ ಬಂದಂತೆ ಮಾರಲು ಬರುವುದಿಲ್ಲ. ವಯಸ್ಸಾದ ತಂದೆತಾಯಿಯ ಆರೈಕೆ, ಮನೆಯ ಪೂಜೆಪುನಸ್ಕಾರ ಆಕೆಯ ಹೊಣೆ. ದೊಡ್ಡ ತೀರ್ಮಾನಗಳಲ್ಲಿ ಸೋದರಮಾವನ ಮಾತಿಗೆ ತೂಕ. ದೋರ್ಬಾರ್ ಎಂಬ ಊರಸಭೆಯಲ್ಲಿ ಸಂಪ್ರದಾಯದಂತೆ ಕೂಡುತ್ತಿದ್ದವರು ಗಂಡಸರು. ಇದನ್ನು ಮಾತೃಪ್ರಧಾನ ಎಂದರೆ ಹೆಂಗಸರೇ ಆಳುತ್ತಾರೆ ಅಂತ ಓದುಗರು ತಿಳಿಯುತ್ತಾರೆ.

ಅಳಿಯಸಂತಾನ ಅಂದ್ರ ವಂಶವನ್ನು ತಾಯಿಯ ಕಡೆಯಿಂದ ಎಣಿಸುವ ತುಳುನಾಡಿನ ಕಟ್ಟು, ಆ ಶಬ್ದವನ್ನು ಅಲ್ಲಿಗೇ ಬಿಡ್ರಿ. ಅದು ಕಾನೂನಿನ ಶಬ್ದವೂ ಹೌದು: 1949ರಲ್ಲಿ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂತು, ಒಬ್ಬ ಹೆಣ್ಣಿನ ಸಂತತಿಯ ಕವಲಿಗೆ ಅಲ್ಲಿ 'ಕವರು' ಎಂಬ ಹೆಸರಿದೆ. ಕುಟುಂಬದ ಹಿರಿತನ ಯಜಮಾನನದೂ ಆಗಬಹುದು, ಯಜಮಾನ್ತಿಯದೂ ಆಗಬಹುದು.

ವಂಶ ಯಾವ ಕಡೆಯಿಂದ ಎಣಿಸುತ್ತಾರೆ ಎಂದು ತಿಳಿಯಲು ಮದುವೆಯ ನಿಯಮ ನೋಡಬೇಕು. ನಮ್ಮ ಕಡೆ ಅಕ್ಕನ ಮಗಳನ್ನು ತಂದುಕೊಳ್ಳುವುದು ನಡೆದುಬಂದ ರೂಢಿ, ಯಾಕಂದ್ರ ಬೆಡಗು (ಕುಲದ ಕವಲು) ತಂದೆಯದು, ಆಕೆ ಬೇರೆ ಬೆಡಗಿನವಳು. ಅಳಿಯಸಂತಾನದ ಮನೆಯಲ್ಲಿ ಸೋದರಮಾವನದೂ ಆಕೆಯದೂ ಒಂದೇ ಬಳಿ (ತಾಯಿಯಿಂದ ಬರುವ ಕುಲ), ಸಂಬಂಧ ಕೂಡುವುದಿಲ್ಲ. ಇನ್ನು ನಮ್ಮ ಮನಿ ಅಳಿಯನ ಪದ್ಧತಿಯಲ್ಲಿ ಬದಲಾಗುವುದು ಗಂಡನ ವಾಸದ ಜಾಗ ಮಾತ್ರ. ಅದನ್ನು ಮಾತೃವಂಶೀಯ ಅನ್ನಬಾರದು.

ಸೇರಿಕೆ (ಹಾವೇರಿ): ರಾಣಿ ಆಳಿದರೆ ಅದು ಮಾತೃಪ್ರಧಾನವೇ ಎಂದು ಕೇಳುವವರಿದ್ದಾರೆ. ಕಿತ್ತೂರ ಚೆನ್ನಮ್ಮ 1824ರಲ್ಲಿ ಕಾದಿದ್ದು ದತ್ತುಮಗನ ಪಟ್ಟಕ್ಕೆ. ಸಿಂಹಾಸನದ ಹಕ್ಕು ಗಂಡುಸಂತಾನದ್ದೇ ಆಗಿತ್ತು. ಉತ್ತರ ಅಮೆರಿಕದ ಇರೊಕ್ವಾ ಜನರಲ್ಲಿ ಕುಲದ ಹಿರಿಯ ತಾಯಂದಿರು ಮುಖ್ಯಸ್ಥನನ್ನು ಆರಿಸುತ್ತಿದ್ದರು, ತಪ್ಪಿದರೆ ಇಳಿಸುತ್ತಿದ್ದರು. ಹೆಣ್ಣಿನ ಅಧಿಕಾರಕ್ಕೆ ಇದು ಗಟ್ಟಿ ಉದಾಹರಣೆ, ಆದರೂ ಆ ಪೀಠದಲ್ಲಿ ಕೂಡುತ್ತಿದ್ದವನು ಗಂಡಸು.

ಕಂಪ್ಯೂಟರಿನಲ್ಲಿ ತಿದ್ದುವಾಗ ಒಂದೇ ಏಟಿಗೆ ಎಲ್ಲ ಕಡೆ ಬದಲಿಸಬೇಡ್ರಿ. 1861ರಲ್ಲಿ ಸ್ವಿಸ್ ವಿದ್ವಾಂಸ ಬಾಹೋಫೆನ್ ಮಂಡಿಸಿದ ವಾದ ಬರುವಲ್ಲಿ ಮಾತೃಪ್ರಧಾನವೇ ಇರಲಿ. ಆತ ಹೇಳಿದ್ದು ಹೆಂಗಸರ ಆಳ್ವಿಕೆಯನ್ನೇ.