ಸರ್ವರ್ ಬಾಗಿಲು ಬಡಿಯುವ ಐಪಿಗಳ ಮೇಲೆ ದೂರು ಕೊಟ್ಟು ನೋಡಿದವರು ಇದ್ದೀರಾ?

ಕೇಳಿದವರು: ಗಂಗಾವತಿ, ರೈಸ್ ಮಿಲ್

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಕಂಪ್ಯೂಟರ್ ಸ್ವಲ್ಪ ಗೊತ್ತು ಅಂತ ಮಾಲೀಕರು ವೆಬ್‌ಸೈಟನ್ನೂ ನನ್ನ ತಲೆಗೇ ಕಟ್ಟಿದ್ದಾರೆ. ತಿಂಗಳ ಬಾಡಿಗೆಯ ಚಿಕ್ಕ ವಿಪಿಎಸ್ (ಹೋಸ್ಟಿಂಗ್ ಕಂಪನಿಯ ದೊಡ್ಡ ಮೆಷಿನ್ನಿನಲ್ಲಿ ನಮ್ಮ ಪಾಲಿನ ಸರ್ವರ್), ಅದರಲ್ಲಿ ಉಬುಂಟು ಅನ್ನುವ ಆಪರೇಟಿಂಗ್ ಸಿಸ್ಟಮ್. ಸೋನಾ ಮಸೂರಿ ದರ, ಯಾವ ಲಾರಿ ಯಾವಾಗ ಹೊರಟಿತು, ಅದರಲ್ಲಿ ಇರೋದು ಇಷ್ಟೇ.

ಮೊನ್ನೆ ಸೈಟ್ ನಿಧಾನ ಆಯ್ತು ಅಂತ ಲಾಗ್ (ಯಾರು ಯಾವಾಗ ಬಂದರು ಅಂತ ಸರ್ವರ್ ತಾನೇ ಬರೆದಿಡುವ ಫೈಲ್) ತೆಗೆದೆ. ಎದೆ ಧಸಕ್ ಅಂತು. ರಾತ್ರಿಯಿಡೀ ಯಾರೋ ರೂಟ್, ಅಡ್ಮಿನ್, ಒರಾಕಲ್, ಟೆಸ್ಟ್ ಅಂತ ಹೆಸರು ಹಾಕಿ ಪಾಸ್‌ವರ್ಡ್ ಊಹಿಸುತ್ತಾ ಕೂತಿದ್ದಾರೆ. ಒಂದು ಐಪಿ (ಇಂಟರ್‌ನೆಟ್ಟಿನಲ್ಲಿ ಮೆಷಿನ್ನಿನ ವಿಳಾಸ) ಸುಮ್ಮನಾದರೆ ಇನ್ನೊಂದು ಶುರು. ಸಾವಿರಾರು ಸಾಲು.

ಈ ಐಪಿಗಳನ್ನು ಯಾರಿಗೆ ಹೇಳಬೇಕು? ಪೊಲೀಸರಿಗಾ? ಹೇಳಿದರೆ ಏನಾದರೂ ಆಗುತ್ತಾ, ಇಲ್ಲ ಸುಮ್ನೆ ಟೈಮ್ ವೇಸ್ಟಾ? ಮಾಡಿ ನೋಡಿದವರು ಹೇಳಿ. ಓದಿ ಹೇಳುವುದು ಬೇಡ, ಅದು ನನಗೂ ಸಿಗುತ್ತದೆ.

ರಾಯಚೂರು, ಎಂಟು ಹತ್ತು ಸೈಟ್ ನೋಡಿಕೊಳ್ಳುವವನು

ಮೊದಲು ಒಂದು ಲೋಟ ನೀರು ಕುಡಿಯಿರಿ ಸರ್. ಅವರು ನಿಮ್ಮ ಮೇಲೆ ಹಗೆ ಇಟ್ಟು ಬಂದವರಲ್ಲ. ನಿಮ್ಮ ಮಿಲ್ ಅಂತ ಒಂದಿದೆ ಅನ್ನೋದೂ ಅವರಿಗೆ ಗೊತ್ತಿಲ್ಲ. ಹಳೆಯ ಮಾದರಿಯ ಐಪಿ ವಿಳಾಸಗಳು ಜಗತ್ತಿಗೆಲ್ಲ ಸೇರಿ ಸುಮಾರು 429 ಕೋಟಿ. 2013ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ಝೀಮ್ಯಾಪ್ ಅನ್ನುವ ಟೂಲ್ ಬಿಟ್ಟರು. ಒಳ್ಳೆಯ ಲೈನ್ ಇದ್ದರೆ ಒಂದೇ ಮೆಷಿನ್ನಿನಿಂದ ಅಷ್ಟೂ ವಿಳಾಸಗಳನ್ನು ಸುಮಾರು 45 ನಿಮಿಷದಲ್ಲಿ ತಟ್ಟಿ ಬರಬಹುದು ಅಂತ ತೋರಿಸಿದರು. ನಿಮ್ಮಲ್ಲಿ ಒಂದು ಲಾರಿ ಲೋಡ್ ಆಗೋಕೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು, ಅಲ್ವಾ? ಹೊಸ ಸರ್ವರ್ ಹಾಕಿ ಚಹಾ ಕುಡಿದು ಬರುವಷ್ಟರಲ್ಲಿ ಬಡಿಯೋದು ಶುರುವಾಗಿರುತ್ತದೆ.

ದೂರು ಆಮೇಲೆ. ಮೊದಲು ಪಾಸ್‌ವರ್ಡ್ ಲಾಗಿನ್ನನ್ನೇ ಮುಚ್ಚಿ, ಎಸ್‌ಎಸ್‌ಎಚ್ (ದೂರದಿಂದ ಸರ್ವರ್ ಒಳಗೆ ಹೋಗುವ ದಾರಿ) ಕೀ ಇಟ್ಟುಕೊಳ್ಳಿ, ಅದು ಪಾಸ್‌ವರ್ಡ್ ಬದಲಿಗೆ ನಿಮ್ಮ ಕಂಪ್ಯೂಟರಿನಲ್ಲಿರುವ ಒಂದು ಫೈಲ್. ಇಲ್ಲಿ ನಾನು ಬಿದ್ದ ಗುಂಡಿ ಒಂದಿದೆ, ಹೇಳುತ್ತೇನೆ. ಎಸ್‌ಎಸ್‌ಎಚ್ ಸೆಟ್ಟಿಂಗಿನ ಮುಖ್ಯ ಫೈಲಿನಲ್ಲಿ ಪಾಸ್‌ವರ್ಡ್ ಲಾಗಿನ್ 'ನೋ' ಅಂತ ಬರೆದು ನಾಲ್ಕು ತಿಂಗಳು ಆರಾಮಾಗಿ ನಿದ್ದೆ ಮಾಡಿದೆ. ಉಬುಂಟುವಿನಲ್ಲಿ ಆ ಫೈಲಿನ ಪಕ್ಕದ ಫೋಲ್ಡರಿನಲ್ಲಿ 50-ಕ್ಲೌಡ್-ಇನಿಟ್ ಅನ್ನುವ ಪುಟ್ಟ ಫೈಲ್ ಇತ್ತು. ಒಳಗೆ ಒಂದೇ ಸಾಲು, 'ಯೆಸ್' ಅಂತ. ಎಸ್‌ಎಸ್‌ಎಚ್ ಮೊದಲು ಓದಿದ್ದನ್ನೇ ಹಿಡಿದುಕೊಳ್ಳುತ್ತದೆ, ಅದು ಮೊದಲು ಓದೋದು ಆ ಪುಟ್ಟ ಫೈಲನ್ನು. ಅಂದರೆ ನಾಲ್ಕು ತಿಂಗಳು ಬಾಗಿಲು ತೆರೆದೇ ಇತ್ತು. ಹಾಗಾಗಿ ಕೀ ಇಲ್ಲದ ಬೇರೆ ಕಂಪ್ಯೂಟರಿನಿಂದ ಲಾಗಿನ್ ಆಗಿ ನೋಡಿ. ಪಾಸ್‌ವರ್ಡ್ ಕೇಳಿತು ಅಂದರೆ ಇನ್ನೂ ಮುಚ್ಚಿಲ್ಲ.

ಜೊತೆಗೆ ಫೇಲ್‌ಟುಬ್ಯಾನ್ ಅನ್ನುವ ಪ್ರೋಗ್ರಾಂ ಹಾಕಿ. ಬಂದ ಹಾಗೇ ಬಿಟ್ಟರೆ 10 ನಿಮಿಷದಲ್ಲಿ 5 ಸಲ ತಪ್ಪಿದವರನ್ನು 10 ನಿಮಿಷ ಹೊರಗಿಡುತ್ತದೆ. ನಾನು ಒಂದು ದಿನ ಅಂತ ಮಾಡಿಕೊಂಡಿದ್ದೇನೆ. ಅದೇ ನನಗೆ ತಿರುಗಿ ಬಡಿಯಿತು. ಮಸ್ಕಿಯಲ್ಲಿ ಒಂದು ಮದುವೆಗೆ ಹೋಗಿದ್ದಾಗ ಫೋನಿನಿಂದ ಅವಸರದಲ್ಲಿ ಐದು ಸಲ ತಪ್ಪು ಹೊಡೆದು ಒಂದು ದಿನ ನಾನೇ ಹೊರಗೆ. ಊಟಕ್ಕೆ ಕೂತರೂ ರುಚಿ ಹತ್ತಲಿಲ್ಲ.

ಬಳ್ಳಾರಿ, ಜೀನ್ಸ್ ಯೂನಿಟ್

ದೂರು ಕೊಡೋಕೆ ಹೋಗಿ ಮರ್ಯಾದೆ ಕಳೆದುಕೊಂಡವನು ನಾನು. ನಮ್ಮ ಆರ್ಡರ್ ಸೈಟ್ ಒಂದು ಸಿಡಿಎನ್ (ಸೈಟಿನ ಮುಂದೆ ನಿಲ್ಲುವ ಬೇರೆ ಕಂಪನಿಯ ಸರ್ವರುಗಳ ಜಾಲ) ಹಿಂದೆ ಇದೆ. ಗಿರಾಕಿ ಬರಲಿ, ಕಳ್ಳ ಬರಲಿ, ಎಲ್ಲರೂ ಆ ಸಿಡಿಎನ್ ಮೂಲಕವೇ ಬರಬೇಕು. ಸೆಟ್ಟಿಂಗ್ ಸರಿ ಮಾಡಿರಲಿಲ್ಲ. ಹಾಗಾಗಿ ನಮ್ಮ ಲಾಗಿನಲ್ಲಿ ಬೀಳುತ್ತಿದ್ದದ್ದು ಸಿಡಿಎನ್ ಐಪಿ, ಬಂದವರದ್ದಲ್ಲ. ವರ್ಡ್‌ಪ್ರೆಸ್ ಲಾಗಿನ್ ಪುಟಕ್ಕೆ ಯಾರೋ ಬಡಿಯುತ್ತಿದ್ದರು. ನಾನು ಕೆಟ್ಟ ಐಪಿಗಳ ಮೇಲೆ ಯಾರು ಬೇಕಾದರೂ ದೂರು ಹಾಕುವ ಅಬ್ಯೂಸ್‌ಐಪಿಡಿಬಿ ಸೈಟಿನಲ್ಲಿ ಒಂದಾದ ಮೇಲೆ ಒಂದು ರಿಪೋರ್ಟ್ ಹಾಕಿದೆ, ಫೈರ್‌ವಾಲಿನಲ್ಲೂ ಬ್ಲಾಕ್ ಮಾಡಿದೆ. ಸಂಜೆ ಹೊತ್ತಿಗೆ ನಮ್ಮ ಸೈಟ್ ನಮ್ಮ ಗಿರಾಕಿಗಳಿಗೇ ತೆರೆಯಲಿಲ್ಲ. ಮನೆ ಕಾವಲುಗಾರನ ಮೇಲೇ ಕಂಪ್ಲೇಂಟ್ ಕೊಟ್ಟ ಹಾಗಾಯ್ತು.

ಸಿಡಿಎನ್ ಇದ್ದರೆ ಬಂದವರ ನಿಜವಾದ ಐಪಿ ಹೆಡರ್ (ಪ್ರತಿ ಕೋರಿಕೆಯ ಜೊತೆ ಬರುವ ವಿವರ) ಒಳಗೆ ಇರುತ್ತದೆ, ಅದು ಲಾಗಿಗೆ ಬರುವ ಹಾಗೆ ಮಾಡಿಕೊಂಡು ಆಮೇಲೆ ಮುಂದಿನ ಮಾತು.

ಸಿಂಧನೂರು, ಗೊಬ್ಬರದ ಅಂಗಡಿ

ನನ್ನ ಅನುಭವ ಕಹಿ, ಕೇಳಿಸಿಕೊಳ್ಳಿ. ಆಡಿಟರ್ ಮನೆಯಿಂದಲೇ ಟ್ಯಾಲಿ ನೋಡಲಿ ಅಂತ ಅಂಗಡಿಯ ವಿಂಡೋಸ್ ಮೆಷಿನ್ನಿಗೆ ರಿಮೋಟ್ ಡೆಸ್ಕ್‌ಟಾಪ್ ತೆರೆದಿದ್ದೆವು, 3389 ಪೋರ್ಟ್ (ಮೆಷಿನ್ನಿನ ಬಾಗಿಲಿನ ನಂಬರ್), ನೇರ ಇಂಟರ್‌ನೆಟ್ಟಿಗೆ. ವಿಂಡೋಸಿನ ಲಾಗ್ ತೋರಿಸುವ ಈವೆಂಟ್ ವ್ಯೂವರ್ ತೆಗೆದರೆ 4625 ಅನ್ನುವ ಸಾಲುಗಳೇ ತುಂಬಿದ್ದವು. ಲಾಗಿನ್ ಫೇಲ್ ಅಂತ ಅದರ ಅರ್ಥ. ನಾನು ಒಂದು ವಾರ ನೋಟ್‌ಬುಕ್ಕಿನಲ್ಲಿ ಐಪಿ ಬರೆದು, ರಾತ್ರಿ ಕೂತು ರಿಪೋರ್ಟ್ ಹಾಕಿದೆ. ಏನೋ ಸಾಧಿಸುತ್ತಿದ್ದೇನೆ ಅನ್ನುವ ಖುಷಿ. ಎಂಟನೇ ದಿನ ಬೆಳಿಗ್ಗೆ ಶಟರ್ ಎತ್ತಿ ಮೆಷಿನ್ ಆನ್ ಮಾಡಿದರೆ ಫೈಲುಗಳೆಲ್ಲ ಲಾಕ್, ಹಣ ಕೇಳುವ ಒಂದು ಚೀಟಿ. ಬ್ಯಾಕಪ್ ಡ್ರೈವ್ ಅದೇ ಮೆಷಿನ್ನಿಗೆ ಚುಚ್ಚಿಯೇ ಇತ್ತು, ಅದೂ ಹೋಯ್ತು. ಆಡಿಟರ್ ಪೆನ್‌ಡ್ರೈವಿನಲ್ಲಿ ಹಳೆಯ ಕಾಪಿ ಇದ್ದದ್ದಕ್ಕೆ ಬದುಕಿದೆವು.

ಸೈಬರ್ ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆಗೆ ಹೋದೆ. ಲಾಗ್ ಕೊಡಿ ಅಂದರು. ಎಲ್ಲಿಂದ ಕೊಡಲಿ? ಅಷ್ಟರಲ್ಲಿ ರಿಪೇರಿಯವನು ಮೆಷಿನ್ ಫಾರ್ಮ್ಯಾಟ್ ಹೊಡೆದಾಗಿತ್ತು. ಆಮೇಲೆ ಗೊತ್ತಾಯ್ತು, ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥದ್ದು ಗೊತ್ತಾದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು, ಲಾಗುಗಳನ್ನು 180 ದಿನ ಇಟ್ಟುಕೊಳ್ಳಬೇಕು. ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಅದು ಬೇರೆ ದಾರಿ.

ನನ್ನ ಪ್ರಕಾರ ಐಪಿ ರಿಪೋರ್ಟ್ ಮಾಡೋದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ವಿಪಿಎನ್ (ನಮ್ಮವರಿಗೆ ಮಾತ್ರ ಇರುವ ಖಾಸಗಿ ದಾರಿ) ಹಾಕಿ, ಪೋರ್ಟ್ ಮುಚ್ಚಿ, ಮಲಗಿ.

ಕೊಪ್ಪಳ, ಕಾಲೇಜಿನ ಲ್ಯಾಬ್ ನೋಡಿಕೊಳ್ಳುವವಳು

ಸಿಂಧನೂರಿನ ಅಣ್ಣನ ಸಂಕಟ ಅರ್ಥವಾಗುತ್ತದೆ. ಆದರೆ ಅಲ್ಲಿ ಆಗಿದ್ದು ಪೋರ್ಟ್ ತೆರೆದದ್ದರ ತಪ್ಪು, ರಿಪೋರ್ಟಿನದ್ದಲ್ಲ. ನಾನು ಎರಡು ವರ್ಷದಿಂದ ರಿಪೋರ್ಟ್ ಮಾಡುತ್ತಿದ್ದೇನೆ. ಹೆಚ್ಚಿನವಕ್ಕೆ ಉತ್ತರವೇ ಬರಲ್ಲ, ಕೆಲವು ಮೇಲ್ ಹಾಗೇ ವಾಪಸ್ ಬರುತ್ತವೆ. ಕೆಲವಕ್ಕೆ ಮಾತ್ರ ಕೆಲಸ ಆಗಿದೆ. ಒಂದು ಹೋಸ್ಟಿಂಗ್ ಕಂಪನಿಯವರು ಮೂರನೇ ದಿನ ಬರೆದರು: ಅದು ಅವರ ಗಿರಾಕಿಯೊಬ್ಬರ ಸರ್ವರ್, ಯಾರೋ ಒಳಗೆ ಹೊಕ್ಕಿದ್ದರು, ಗಿರಾಕಿಗೆ ಗೊತ್ತೇ ಇರಲಿಲ್ಲ, ನಿಲ್ಲಿಸಿದ್ದೇವೆ ಅಂತ. ಆ ಗಿರಾಕಿಯೂ ನಮ್ಮ ಹಾಗೇ ಒಬ್ಬ ಅಲ್ವಾ?

ದಿನದ ಬಡಿತಕ್ಕೆ ಕೈಯಿಂದ ಬರೆಯುತ್ತಾ ಕೂರಬೇಡಿ. ಫೇಲ್‌ಟುಬ್ಯಾನ್ ತಾನೇ ಅಬ್ಯೂಸ್‌ಐಪಿಡಿಬಿಗೋ ಬ್ಲಾಕ್‌ಲಿಸ್ಟ್ ಡಾಟ್ ಡಿಇಗೋ ಕಳಿಸುವ ಹಾಗೆ ಮಾಡಬಹುದು. ಬೇರೆಯವರು ಆ ಪಟ್ಟಿ ನೋಡಿ ಮೊದಲೇ ಬಾಗಿಲು ಹಾಕಿಕೊಳ್ಳುತ್ತಾರೆ. ಅದರ ಲಾಭ ನಿಮಗಿಂತ ಪಕ್ಕದವರಿಗೆ ಜಾಸ್ತಿ.

ಬಿಡದೆ ಬಡಿಯುವ ಒಂದೆರಡಕ್ಕೆ ಮಾತ್ರ ನೇರ ಮೇಲ್. ಹೂಈಸ್ ಅನ್ನುವ ಹುಡುಕುವ ಸೇವೆಯಲ್ಲಿ ಐಪಿ ಹಾಕಿದರೆ ಅದು ಯಾರ ಹೆಸರಿನಲ್ಲಿದೆ, ದೂರಿನ ಮೇಲ್ ಯಾವುದು ಅಂತ ಬರುತ್ತದೆ. ಐಪಿ ಹಂಚುವ ಸಂಸ್ಥೆಗಳಿವೆ, ನಮ್ಮ ಕಡೆಯ ಐಪಿಗಳ ದಾಖಲೆ ಏಪಿನಿಕ್ಕಿನಲ್ಲಿ, ಯುರೋಪಿನದು ರೈಪ್‌ನಲ್ಲಿ. ನಾನು ಬರೆಯೋದು ಇಂಗ್ಲಿಷಿನಲ್ಲಿ, ಆರು ಸಾಲು. ಕನ್ನಡದಲ್ಲಿ ಹೇಳಿದರೆ ಹೀಗೆ:

'ನಿಮ್ಮ 203.0.113.45 ವಿಳಾಸದಿಂದ ನಮ್ಮ ಸರ್ವರಿಗೆ ಎಸ್‌ಎಸ್‌ಎಚ್ ಪಾಸ್‌ವರ್ಡ್ ಊಹಿಸುವ ಪ್ರಯತ್ನ ನಡೆದಿದೆ. ಶುರು 02:14, ಕೊನೆ 03:40, ಸಮಯ ಯುಟಿಸಿ. ಲಾಗಿನ ಐದು ಸಾಲು ಕೆಳಗಿವೆ. ನಿಮ್ಮ ಗಿರಾಕಿಯ ಮೆಷಿನ್ ಬೇರೆಯವರ ಕೈಗೆ ಸಿಕ್ಕಿರಬಹುದು, ದಯವಿಟ್ಟು ನೋಡಿ.'

ಆ ವಿಳಾಸ ಉದಾಹರಣೆಗೆಂದೇ ಮೀಸಲಿಟ್ಟದ್ದು, ಯಾರದ್ದೂ ಅಲ್ಲ. ಮುಖ್ಯ ಇರೋದು ಯುಟಿಸಿ ಅನ್ನುವ ಆ ಮೂರಕ್ಷರ. ಅದು ಜಗತ್ತಿಗೆಲ್ಲ ಒಂದೇ ಆದ ಸಮಯ, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. 02:14 ಅಂತ ಸುಮ್ನೆ ಬರೆದರೆ ಅವರು ಯಾವ ಊರಿನ 02:14 ಅಂತ ತಿಳಿಯಬೇಕು? ಬೈಗುಳ ಬರೆಯಬೇಡಿ. ನಾನು ಮೊದಲ ಮೇಲಿನಲ್ಲಿ 'ನಿಮ್ಮ ಕಂಪನಿ ಕಳ್ಳರ ಗುಂಪು' ಅಂತ ಬರೆದಿದ್ದೆ, ನೆನೆದರೆ ಈಗಲೂ ನಾಚಿಕೆ.

ಇನ್ನೊಂದು. ಲಾಗ್ ಸಾಲನ್ನು ಕಳಿಸುವ ಮುಂಚೆ ಓದಿ. ನಮ್ಮವರೇ ಒಮ್ಮೊಮ್ಮೆ ಯೂಸರ್ ನೇಮ್ ಜಾಗದಲ್ಲಿ ಪಾಸ್‌ವರ್ಡ್ ಹೊಡೆದಿರುತ್ತಾರೆ. ಅದು ಲಾಗಿನಲ್ಲಿ ಹಾಗೇ ಕೂತಿರುತ್ತದೆ.

ಲಿಂಗಸೂಗೂರು, ಕೇಬಲ್ ಇಂಟರ್‌ನೆಟ್ ಕೊಡುವವನು

ನಾನು ಆ ಮೇಲ್ ಬಂದು ಬೀಳುವ ಕಡೆ ಕೂತವನು. ಹಾಗಾಗಿ ಈ ಕಡೆಯದೂ ಕೇಳಿ. ನಮಗೆ ಸಿಕ್ಕಿರುವ ಐಪಿಗಳು ಕೆಲವೇ. ಮನೆಗಳು ಅದಕ್ಕಿಂತ ಎಷ್ಟೋ ಜಾಸ್ತಿ. ಒಂದೇ ಐಪಿ ಹಿಂದೆ ಹತ್ತಾರು ಮನೆ ಹಾಕಿರುತ್ತೇವೆ, ಅದಕ್ಕೆ ಸಿಜಿನ್ಯಾಟ್ ಅಂತಾರೆ. 'ನಿಮ್ಮ ಈ ಐಪಿಯಿಂದ ದಾಳಿ' ಅಂತ ಮಾತ್ರ ಬರೆದರೆ ನಾನು ಯಾರ ಮನೆ ಬಾಗಿಲಿಗೆ ಹೋಗಲಿ?

ನಿಮ್ಮ ಲಾಗ್ ಸಾಲಿನ ಕೊನೆಗೆ ಐಪಿ ಆದ ಮೇಲೆ 'ಪೋರ್ಟ್ 51514' ಅಂತ ಏನೋ ಇರುತ್ತದೆ ನೋಡಿ. ಬಹಳ ಜನ ಅದು ತಮ್ಮ ಪೋರ್ಟ್ ಅಂದುಕೊಂಡು ಅಳಿಸಿ ಕಳಿಸುತ್ತಾರೆ. ನಿಮ್ಮ ಎಸ್‌ಎಸ್‌ಎಚ್ ಪೋರ್ಟ್ 22. ಆ 51514 ದಾಳಿ ಮಾಡಿದವನ ಕಡೆಯದು. ಅದೂ ಸರಿಯಾದ ಸಮಯವೂ ಇದ್ದರೆ ಹತ್ತಾರು ಮನೆಯಲ್ಲಿ ಯಾವುದು ಅಂತ ಹುಡುಕಬಹುದು. ಅದಿಲ್ಲದಿದ್ದರೆ ನನ್ನ ಕೈ ಕಟ್ಟಿದ ಹಾಗೆ.

ಹೋದ ವರ್ಷ ಅಂಥ ಒಂದು ಪೂರ್ತಿ ಮೇಲ್ ಬಂತು, ಯಾವುದೋ ದೇಶದ ಒಂದು ಚಿಕ್ಕ ಲೈಬ್ರರಿಯಿಂದ. ಹುಡುಕಿದೆ. ನಮ್ಮದೇ ಊರಿನ ಒಂದು ಬಟ್ಟೆ ಅಂಗಡಿ. ಮಾಲೀಕರಿಗೆ ಅರವತ್ತು ದಾಟಿದೆ, ಮೊಬೈಲಿನಲ್ಲಿ ಮೆಸೇಜ್ ಕಳಿಸೋಕೆ ಮೊಮ್ಮಗಳು ಬೇಕು. 'ಕಾಕಾ, ನಿಮ್ಮ ಅಂಗಡಿಯಿಂದ ಯಾವುದೋ ದೇಶದ ಸರ್ವರಿಗೆ ಬಡಿಯುತ್ತಿದ್ದಾರಂತೆ' ಅಂದೆ. ಅವರು ಗಾಬರಿಯಾಗಿ ಕೆಲಸದ ಹುಡುಗನ ಮುಖ ನೋಡಿದರು. ಹುಡುಗ ಪಾಪ, ತಾನು ನಿಂತಲ್ಲೇ ಬೆವೆತ. ಗಲ್ಲಾ ಮೇಲೆ, ದೇವರ ಫೋಟೋ ಹಿಂದೆ, ಧೂಳು ಹಿಡಿದ ಸಿಸಿಟಿವಿ ಡಿವಿಆರ್ (ಕ್ಯಾಮೆರಾ ರೆಕಾರ್ಡ್ ಮಾಡುವ ಡಬ್ಬಿ) ಕೂತಿತ್ತು. ಹಾಕಿದ ದಿನದ ಪಾಸ್‌ವರ್ಡ್ ಹಾಗೇ ಇತ್ತು, ಹೊರಗಿನಿಂದ ನೋಡೋಕೆ ರೌಟರಿನಲ್ಲಿ ಪೋರ್ಟ್ ಫಾರ್ವರ್ಡ್, ಅಂದರೆ ಡಿವಿಆರ್ ತನಕ ತೆರೆದ ದಾರಿ, ಬೇರೆ. ಅದೇ ಕಳ್ಳ. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ ಜಗತ್ತಿನಲ್ಲೆಲ್ಲ ಇಂಥ ಕ್ಯಾಮೆರಾ, ಡಿವಿಆರ್, ರೌಟರುಗಳನ್ನೇ ಹಿಡಿದು ಸೈನ್ಯ ಕಟ್ಟಿತ್ತು. ಅದರ ಮರಿಗಳು ಈಗಲೂ ಓಡಾಡುತ್ತಿವೆ.

ಆದ್ದರಿಂದ ಐಪಿ ನೋಡಿ ಇಂಥ ದೇಶದವರು ಕಳ್ಳರು ಅನ್ನಬೇಡಿ. ಬ್ಲಾಕ್ ಮಾಡಿದರೂ ವರ್ಷಗಟ್ಟಲೆ ಮಾಡಬೇಡಿ. ಇವತ್ತಿನ ಆ ಐಪಿ ನಾಳೆ ಇನ್ನೊಬ್ಬರ ಮನೆಗೆ ಹೋಗಿರುತ್ತದೆ.

ಗಂಗಾವತಿ, ಕೇಳಿದವನು

ಎಲ್ಲರಿಗೂ ದೊಡ್ಡ ನಮಸ್ಕಾರ. ಎರಡು ದಿನ ಇದೇ ಕೆಲಸ. ಕೀ ಹಾಕಿದೆ. ರಾಯಚೂರಿನ ಸರ್ ಹೇಳಿದ ಪುಟ್ಟ ಫೈಲ್ ನನ್ನ ಸರ್ವರಿನಲ್ಲೂ ಇತ್ತು, 'ಯೆಸ್' ಅಂತಲೇ ಇತ್ತು. ಫೇಲ್‌ಟುಬ್ಯಾನ್ ಹಾಕಿ ಬ್ಯಾನ್ ಒಂದು ದಿನ ಮಾಡಿದ್ದೇನೆ. ಬಿಡದೆ ಬಡಿಯುತ್ತಿದ್ದ ಒಂದಕ್ಕೆ ಮೇಡಂ ಬರೆದ ಹಾಗೇ ಮೇಲ್ ಕಳಿಸಿದೆ, ಪೋರ್ಟ್ ಸಮೇತ. ಉತ್ತರ ಇನ್ನೂ ಬಂದಿಲ್ಲ. ಲಾಗ್ ಓದುವಾಗ ಮೇಡಂ ಮಾತು ನಿಜವಾಯ್ತು, ಯೂಸರ್ ನೇಮ್ ಜಾಗದಲ್ಲಿ ನಮ್ಮ ಮಾಲೀಕರ ಮಗನ ಪಾಸ್‌ವರ್ಡ್ ಇತ್ತು. ಬದಲು ಮಾಡಿಸಿದೆ.

ಲಿಂಗಸೂಗೂರಿನ ಅಣ್ಣ ಬರೆದದ್ದು ಓದಿ ರಾತ್ರಿ ಒಂದು ಕೆಟ್ಟ ಯೋಚನೆ ಬಂತು. ಮಿಲ್ಲಿನ ಬ್ರಾಡ್‌ಬ್ಯಾಂಡ್ ಐಪಿಯನ್ನೇ ಅಬ್ಯೂಸ್‌ಐಪಿಡಿಬಿಯಲ್ಲಿ ಹಾಕಿ ನೋಡಿದೆ. ನಮ್ಮ ಮೇಲೇ ರಿಪೋರ್ಟುಗಳಿವೆ, ಎಸ್‌ಎಸ್‌ಎಚ್ ದಾಳಿ ಅಂತ! ನಮ್ಮದು ಫಿಕ್ಸೆಡ್ ಐಪಿ, ಬೇರೆ ಮನೆ ಅಂತ ಹೇಳೋಕೂ ಆಗಲ್ಲ. ತೂಕದ ಕಾಟಾ ಹತ್ತಿರ ನಾಲ್ಕು ಕ್ಯಾಮೆರಾ ಇವೆ. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ, ಹಾಕಿದವರನ್ನು ನಾಳೆ ಬರೋಕೆ ಹೇಳಿದ್ದೇನೆ.

ಲಿಂಗಸೂಗೂರು

ನಾಳೆ ತನಕ ಕಾಯಬೇಡಿ. ಈಗಲೇ ಹೋಗಿ ಡಿವಿಆರ್‌ನ ನೆಟ್‌ವರ್ಕ್ ಕೇಬಲ್ ಮಾತ್ರ ಕಿತ್ತಿಡಿ, ರೆಕಾರ್ಡಿಂಗ್ ನಿಲ್ಲಲ್ಲ. ಅವರು ಬಂದ ಮೇಲೆ ಫ್ಯಾಕ್ಟರಿ ರಿಸೆಟ್, ಹೊಸ ಫರ್ಮ್‌ವೇರ್ (ಡಿವಿಆರ್ ಒಳಗಿನ ಸಾಫ್ಟ್‌ವೇರ್), ಆಮೇಲೆ ಪಾಸ್‌ವರ್ಡ್, ಇದೇ ಕ್ರಮದಲ್ಲಿ. ರೌಟರಿನಲ್ಲಿ ಪೋರ್ಟ್ ಫಾರ್ವರ್ಡ್ ತೆಗೆಸಿ. 'ಸರ್, ಅದು ತೆಗೆದರೆ ಮೊಬೈಲಿನಲ್ಲಿ ಕಾಣಲ್ಲ' ಅಂತಾರೆ, ಬಿಡಬೇಡಿ.